ಗಂಟಿಲ್ಲದ ಕ್ಯಾನ್ಸರ್, ಮಾಸದ ಕಜ್ಜಿ

ಸ್ತನ ಕ್ಯಾನ್ಸರಿನ ಬಗ್ಗೆ ನಾವು ಅಧ್ಯಾಪಕರು ತರಗತಿಯಲ್ಲಿ, ತಾಯಂದಿರ ಸಭೆಯಲ್ಲಿ, ಕುಟುಂಬಶ್ರೀ ಕೂಟಗಳಲ್ಲಿ ಹೇಳಿಕೊಡುವ ಪಾಠ ಹೆಚ್ಚುಕಮ್ಮಿ ಒಂದೇ ವಾಕ್ಯದ್ದು: ಗಂಟು ಸಿಕ್ಕಿದರೆ ಡಾಕ್ಟರರಿಗೆ ತೋರಿಸಿ. ವಾಕ್ಯ ತಪ್ಪಲ್ಲ, ಆದರೆ ಅದು ಅರ್ಧ ಪಾಠ. ಕೈಗೆ ಗಂಟು ಸಿಗದೆ, ಹೇಳಿಕೊಳ್ಳುವಂಥ ನೋವೂ ಇಲ್ಲದೆ, ಮೊಲೆತೊಟ್ಟಿನ ಚರ್ಮದ ಮೇಲೆ ಬರೇ ಒಂದು ತುರಿಕೆಯಾಗಿ ಕಾಣಿಸಿಕೊಳ್ಳುವ ಸ್ತನ ಕ್ಯಾನ್ಸರ್ ಕೂಡ ಉಂಟು. ಪೇಜೆಟ್ ಕಾಯಿಲೆ ಅಂತ ಅದರ ಹೆಸರು. ಗಂಟಿನ ಪಾಠವನ್ನು ಚೆನ್ನಾಗಿ ಕಲಿತವಳೇ ಇಲ್ಲಿ ಮೋಸ ಹೋಗುವ ಸಂಭವ ಜಾಸ್ತಿ ಎಂಬುದು ನನ್ನ ತಕರಾರು. ಮುಟ್ಟಿ ನೋಡಿದಳು, ಗಂಟಿಲ್ಲ. ಹಾಗಾದರೆ ಇದು ಕಜ್ಜಿ, ಮುಲಾಮು ಹಚ್ಚಿದರಾಯ್ತು.

ನೂರು ಸ್ತನ ಕ್ಯಾನ್ಸರುಗಳಲ್ಲಿ ಇದು 1ರಿಂದ 3 ಮಾತ್ರ. ಇಷ್ಟು ಅಪರೂಪದ್ದನ್ನು ಶಾಲಾ ಅಧ್ಯಾಪಕರು ಯಾಕೆ ತಲೆಗೆ ಹಚ್ಚಿಕೊಳ್ಳಬೇಕು ಅಂತ ಕೇಳಬಹುದು. ಲೆಕ್ಕದ ಮಾಷ್ಟ್ರುಗಳು ಒಮ್ಮೆ ಗುಣಿಸಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಹೊಸದಾಗಿ ಕಂಡ ಸ್ತನ ಕ್ಯಾನ್ಸರುಗಳು ಸುಮಾರು 1 ಲಕ್ಷ 92 ಸಾವಿರ. ಶೇಕಡಾ 1 ಎಂದು ಹಿಡಿದರೂ ವರ್ಷಕ್ಕೆ ಎರಡು ಸಾವಿರದ ಹತ್ತಿರ ಹೆಂಗಸರು. ಇವರಲ್ಲಿ ಅನೇಕರ ಕಾಯಿಲೆ ಕಣ್ಣಿಗೆ ಕಾಣುವ ಜಾಗದಲ್ಲೇ ಉಂಟು. ದಿನಾ ಸ್ನಾನ ಮಾಡುವಾಗ ಕಾಣ್ತದೆ. ಕಂಡರೂ ತಿಂಗಳುಗಟ್ಟಲೆ ಅದನ್ನು ಬೇರೆ ಏನೋ ಎಂದು ತಿಳಿದುಕೊಂಡು ಹೋಗುವುದು ಈ ಕಾಯಿಲೆಯ ವಿಶೇಷ. ಒಳಗೆ ಅಡಗಿದ ಕಾಯಿಲೆ ತಡವಾಗಿ ಸಿಕ್ಕಿದರೆ ಅದಕ್ಕೊಂದು ಕಾರಣ ಉಂಟು. ಹೊರಗೆ ಕೂತ ಕಾಯಿಲೆ ತಡವಾಗಿ ಸಿಕ್ಕಿದರೆ ಅದು ತಿಳಿವಳಿಕೆಯ ಪ್ರಶ್ನೆ, ಅಂದರೆ ನಮ್ಮ ಕೆಲಸದ ಪ್ರಶ್ನೆ.

ಇದನ್ನು ಗುರುತಿಸಿದ ಕಥೆಯೂ ನಮ್ಮ ಕೆಲಸಕ್ಕೆ ಹತ್ತಿರದ್ದೇ. ಜೇಮ್ಸ್ ಪೇಜೆಟ್ 1814ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವನು, ಲಂಡನ್ನಿನ ಸೈಂಟ್ ಬಾರ್ತೊಲೊಮ್ಯೂ ಆಸ್ಪತ್ರೆಯಲ್ಲಿ ಕಲಿತು ಅಲ್ಲೇ ಶಸ್ತ್ರವೈದ್ಯನಾದವನು. 1835ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಶವಛೇದನದ ಮೇಜಿನ ಮೇಲೆ ಸ್ನಾಯುಗಳಲ್ಲಿ ಸಣ್ಣ ಸಣ್ಣ ಬಿಳಿ ಚುಕ್ಕೆಗಳನ್ನು ಕಂಡ. ಅಂಥ ಚುಕ್ಕೆಗಳನ್ನು ಬೇರೆಯವರೂ ಕಂಡಿದ್ದರು, ಎಲುಬಿನ ಚೂರೇ ಇರಬೇಕು ಅಂತ ಸುಮ್ಮನಿದ್ದರು. ಈ ಹುಡುಗ ಸುಮ್ಮನಿರಲಿಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗಿ, ಅಲ್ಲಿದ್ದ ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನನ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದ. ಪ್ರತಿ ಚುಕ್ಕೆಯೊಳಗೂ ಸುರುಳಿ ಸುತ್ತಿದ ಒಂದು ಹುಳ! ಟ್ರೈಕಿನೆಲ್ಲಾ ಎಂದು ಈಗ ನಾವು ಕರೆಯುವುದು ಅದನ್ನೇ. ಸೂಕ್ಷ್ಮದರ್ಶಕ ಕೊಟ್ಟ ರಾಬರ್ಟ್ ಬ್ರೌನ್ ನಮಗೆ ಪರಿಚಿತ. ಜೀವಕೋಶದ ಕೇಂದ್ರಕ್ಕೆ ನ್ಯೂಕ್ಲಿಯಸ್ ಎಂಬ ಹೆಸರು ಕೊಟ್ಟವನು, ಬ್ರೌನಿಯನ್ ಚಲನೆಯ ಬ್ರೌನ್. ಮಕ್ಕಳಿಗೆ ಹೇಳಲು ಒಳ್ಳೆಯ ಕಥೆ ಇದು.

ಅದೇ ಪೇಜೆಟ್ 1874ರಲ್ಲಿ, ಅರುವತ್ತರ ವಯಸ್ಸಿನಲ್ಲಿ, ತನ್ನ ಆಸ್ಪತ್ರೆಯ ವರದಿಗಳ ಸಂಪುಟದಲ್ಲಿ ಕೆಲವೇ ಪುಟಗಳ ಒಂದು ಲೇಖನ ಬರೆದ. ಸುಮಾರು ಹದಿನೈದು ಹೆಂಗಸರನ್ನು ಅವನು ಹಾಗೆ ಕಂಡಿದ್ದ, ವಯಸ್ಸು ನಲವತ್ತರಿಂದ ಅರುವತ್ತರ ಮೇಲೆ. ಎಲ್ಲರಿಗೂ ಮೊಲೆತೊಟ್ಟಿನಲ್ಲಿ ಮತ್ತು ಅದರ ಸುತ್ತಲಿನ ಕಪ್ಪು ವರ್ತುಲದಲ್ಲಿ ಹಟ ಹಿಡಿದ ಹುಣ್ಣು. ಕೆಲವರಿಗೆ ಕೆಂಪಗೆ ಒದ್ದೆಯಾಗಿ, ಇನ್ನು ಕೆಲವರಿಗೆ ಒಣಗಿ ಹುರುಪೆ ಹುರುಪೆಯಾಗಿ. ಯಾವ ಮದ್ದಿಗೂ ಜಗ್ಗಲಿಲ್ಲ. ಎರಡು ವರ್ಷದೊಳಗೆ, ಹೆಚ್ಚಿನವರಿಗೆ ಒಂದೇ ವರ್ಷದಲ್ಲಿ, ಅದೇ ಬದಿಯ ಸ್ತನದಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. ಇಲ್ಲಿ ಪೇಜೆಟ್ ಬಳಸಿದ್ದು ದೊಡ್ಡ ಯಂತ್ರವನ್ನಲ್ಲ. ಒಬ್ಬೊಬ್ಬ ರೋಗಿಗೂ ಮುಂದೆ ಏನಾಯ್ತು ಎಂದು ನೆನಪಿಟ್ಟು, ಒಂದರ ಪಕ್ಕ ಒಂದು ಇಟ್ಟು ನೋಡಿದ, ಅಷ್ಟೇ. ಚರ್ಮದ ಕಿರಿಕಿರಿ ಒಳಗಿನ ಕ್ಯಾನ್ಸರಿಗೆ ದಾರಿ ಮಾಡಿಕೊಡ್ತದೆ ಎಂದು ಅವನು ಊಹಿಸಿದ್ದು ಮಾತ್ರ ತಿರುಗುಮುರುಗು. 1904ರಲ್ಲಿ ಯಾಕೋಬಿಯಸ್ ಎಂಬ ವೈದ್ಯ ಬೇರೆ ವಿವರಣೆ ಕೊಟ್ಟ, ಇವತ್ತಿಗೂ ಹೆಚ್ಚಿನವರು ಒಪ್ಪುವುದು ಅದನ್ನೇ: ಕ್ಯಾನ್ಸರ್ ಮೊದಲು ಒಳಗೆ, ಹಾಲಿನ ನಾಳದ ಒಳಗೋಡೆಯಲ್ಲಿ. ಅಲ್ಲಿಂದ ಕೋಶಗಳು ನಾಳದ ದಾರಿ ಹಿಡಿದು ಮೇಲೆ ಬಂದು ತೊಟ್ಟಿನ ಹೊರಚರ್ಮದಲ್ಲಿ ನೆಲೆಯೂರುತ್ತವೆ.

ಹಾಲಿನ ನಾಳಗಳೆಲ್ಲ ಕೊನೆಗೆ ತೊಟ್ಟಿನ ತುದಿಯಲ್ಲಿ ಬಾಯಿ ತೆರೆಯುತ್ತವೆ. ಹಾಗಾಗಿ ಆ ನಾಣ್ಯದಗಲದ ಚರ್ಮ ಒಳಗಿನ ಇಡೀ ಗ್ರಂಥಿಗೆ ಜೋಡಿಕೊಂಡಿದೆ. ಪೇಜೆಟ್ ಕಾಯಿಲೆ ಇರುವ ಹತ್ತರಲ್ಲಿ ಎಂಟು ಒಂಬತ್ತು ಮಂದಿಗೆ ಅದೇ ಸ್ತನದೊಳಗೆ ಕ್ಯಾನ್ಸರ್ ಇದ್ದೇ ಇರ್ತದೆ. ಕೆಲವೊಮ್ಮೆ ನಾಳದ ಗೋಡೆ ದಾಟದೆ ಒಳಗೇ ಕೂತದ್ದು, ಕೆಲವೊಮ್ಮೆ ಗೋಡೆ ಒಡೆದು ಹರಡಲು ಹೊರಟದ್ದು. ಮೊದಲನೆಯದಾದರೆ ಗುಣವಾಗುವ ಸಾಧ್ಯತೆ ತುಂಬಾ ಚೆನ್ನಾಗಿದೆ. ಎರಡನೆಯದರಲ್ಲಿ ಕಂಕುಳದ ಗ್ರಂಥಿಗಳಿಗೆ ಹೋಗಿದೆಯೋ ಇಲ್ಲವೋ ಎಂಬುದರ ಮೇಲೆ ಹೋಗ್ತದೆ. ರೋಗಪತ್ತೆಯ ಹೊತ್ತಿಗೆ ಅರ್ಧದಷ್ಟು ಮಂದಿಗೆ ಕೈಗೆ ಗಂಟು ಸಿಗುವುದೇ ಇಲ್ಲ ಎಂಬುದನ್ನು ನೆನಪಿಡಿ. ಗಂಟು ಸಿಗದ ಆ ಅರ್ಧದವರೇ ಹೆಚ್ಚಾಗಿ ಉಳಿಸಲು ಸುಲಭವಾದವರು. ನಮ್ಮ ಗಂಟಿನ ಪಾಠ ಕೈಬಿಡುವುದು ಅವರನ್ನೇ.

ಕಾಣಲಿಕ್ಕೆ ಹೇಗಿರ್ತದೆ? ಮೊದಲು ತುರಿಕೆ, ಉರಿ, ಜುಮುಜುಮು. ಆಮೇಲೆ ತೊಟ್ಟಿನ ಚರ್ಮ ಕೆಂಪಾಗಿ, ಹೊಟ್ಟು ಏಳುತ್ತದೆ, ಹಕ್ಕಳೆ ಕಟ್ಟುತ್ತದೆ. ಹಕ್ಕಳೆ ಕಿತ್ತರೆ ಹಸಿ ಕೆಂಪು. ಹಳದಿ ನೀರೋ ರಕ್ತವೋ ಬಟ್ಟೆಗೆ ಅಂಟಬಹುದು. ತೊಟ್ಟು ಚಪ್ಪಟೆಯಾಗಬಹುದು, ಒಳಸೇರಬಹುದು. ಸಾಮಾನ್ಯ ಇಸುಬಿಗೂ ಇದಕ್ಕೂ ಬರಿಗಣ್ಣಿನಲ್ಲಿ ವ್ಯತ್ಯಾಸ ಹೇಳುವುದು ಅನುಭವಿ ವೈದ್ಯರಿಗೂ ಕಷ್ಟ, ಆದರೂ ಒಂದೆರಡು ಸುಳಿವು ಉಂಟು. ಇಸುಬು ಹೆಚ್ಚಾಗಿ ಎರಡೂ ಬದಿಗೆ ಬರ್ತದೆ, ವರ್ತುಲದಲ್ಲಿ ಶುರುವಾಗಿ ತೊಟ್ಟನ್ನು ಎಷ್ಟೋ ಸಲ ಬಿಟ್ಟುಬಿಡ್ತದೆ. ಪೇಜೆಟ್ ಹೆಚ್ಚುಕಮ್ಮಿ ಯಾವಾಗಲೂ ಒಂದೇ ಬದಿಗೆ, ಶುರುವಾಗುವುದು ತೊಟ್ಟಿನಲ್ಲಿ, ಆಮೇಲೆ ವರ್ತುಲಕ್ಕೆ ಹಬ್ಬುವುದು. ನಡುವಯಸ್ಸು ದಾಟಿದವರಲ್ಲಿ ಜಾಸ್ತಿ. ಗಂಡಸರಿಗೂ ಬರ್ತದೆ, ತೀರಾ ಅಪರೂಪ. ಅವರಂತೂ ಅಂಗಿಯ ಉಜ್ಜಾಟ ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ.

ಇನ್ನು ಮುಲಾಮಿನ ವಿಷಯ. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಉಂಟು. ಚರ್ಮಕ್ಕೆ ಏನಾದರೂ ಆದರೆ ಮೆಡಿಕಲ್ ಶಾಪಿಗೆ ಹೋಗಿ ತುರಿಕೆಗೊಂದು ಟ್ಯೂಬು ಕೊಡಿ ಅನ್ನುವುದು ನಮ್ಮ ಕಡೆಯ ರೂಢಿ. ಆ ಟ್ಯೂಬಿನಲ್ಲಿ ಎಷ್ಟೋ ಸಲ ಇರುವುದು ಫಂಗಸ್ಸಿಗೊಂದು, ಬ್ಯಾಕ್ಟೀರಿಯಾಕ್ಕೊಂದು, ಜತೆಗೆ ಬಲವಾದ ಒಂದು ಸ್ಟಿರಾಯ್ಡ್. 2018ರಲ್ಲಿ ಕೇಂದ್ರ ಸರಕಾರ ಚರ್ಮಕ್ಕೆ ಹಚ್ಚುವ 14 ಸ್ಟಿರಾಯ್ಡುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಪಟ್ಟಿ ಪಟ್ಟಿಯ ಜಾಗದಲ್ಲಿ ಉಂಟು, ಟ್ಯೂಬು ಟ್ಯೂಬಿನ ಜಾಗದಲ್ಲಿ ಸಿಗ್ತದೆ. ಸ್ಟಿರಾಯ್ಡ್ ಮಾಡುವುದು ಉರಿಯೂತವನ್ನು ತಗ್ಗಿಸುವ ಕೆಲಸ. ಪೇಜೆಟ್ ಹುಣ್ಣಿನ ಸುತ್ತಲೂ ಉರಿಯೂತ ಇರುವುದರಿಂದ ಹಚ್ಚಿದ ಕೂಡಲೇ ಕೆಂಪು ಕಮ್ಮಿಯಾಗ್ತದೆ, ತುರಿಕೆ ನಿಲ್ತದೆ. ಕ್ಯಾನ್ಸರ್ ಕೋಶಗಳಿಗೆ ಅದರಿಂದ ಏನೂ ಆಗುವುದಿಲ್ಲ. ಹೆಂಗಸು ಗುಣವಾಯಿತು ಅಂದುಕೊಳ್ಳುತ್ತಾಳೆ. ತಿಂಗಳಲ್ಲಿ ಮತ್ತೆ ಶುರು, ಮತ್ತೊಂದು ಟ್ಯೂಬು. ಸ್ವಲ್ಪ ಗುಣ ಕಂಡಿತು ಎನ್ನುವುದು ಇಲ್ಲಿ ಸಮಾಧಾನದ ಮಾತಲ್ಲ. ಬಂದು ಹೋಗಿ ಮಾಡುವುದು, ಅದೇ ಜಾಗಕ್ಕೆ ತಿರುಗಿ ಬರುವುದು, ಇದೇ ಸಂಶಯಕ್ಕೆ ಕಾರಣ ಆಗಬೇಕು.

ಹಾಗಾದರೆ ಗೊತ್ತುಮಾಡುವುದು ಹೇಗೆ? ಕಣ್ಣಿನಿಂದ ಅಲ್ಲ, ಮ್ಯಾಮೋಗ್ರಾಂ ಒಂದರಿಂದಲೂ ಅಲ್ಲ. ಮ್ಯಾಮೋಗ್ರಾಂ ಸರಿ ಬಂತು, ಏನೂ ಇಲ್ಲ ಅಂತ ಮನೆಗೆ ಬಂದವರು ಉಂಟು. ಪೇಜೆಟ್ ಇದ್ದೂ ಆ ಚಿತ್ರ ಸ್ವಚ್ಛ ಬರಬಹುದು. ಗೊತ್ತುಮಾಡುವುದು ಚೂರು ಚರ್ಮ ತೆಗೆದು, ಅಂದರೆ ಬಯಾಪ್ಸಿಯಿಂದ. ಜಾಗವನ್ನು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಪೆನ್ಸಿಲಿನ ತುದಿಯಷ್ಟು ಅಗಲದ ಉರುಟು ಬ್ಲೇಡಿನಿಂದ ತೊಟ್ಟಿನ ಚರ್ಮದ ಒಂದು ತುಣುಕನ್ನು ಆಳಕ್ಕೆ ತೆಗೆಯುತ್ತಾರೆ. ಕೆಲವು ನಿಮಿಷದ ಕೆಲಸ, ಬೇಕಾದರೆ ಒಂದು ಹೊಲಿಗೆ. ತುಣುಕು ಫಾರ್ಮಲಿನ್ ಕುಪ್ಪಿಗೆ. ಅಲ್ಲಿಂದ ಮುಂದಿನದ್ದನ್ನು ನಾವು ವಿಜ್ಞಾನ ಅಧ್ಯಾಪಕರು ಸಂತೋಷದಿಂದ ವಿವರಿಸಬಹುದು. ತುಣುಕಿನ ನೀರು ತೆಗೆದು ಮೇಣ ತುಂಬಿಸಿ ಅಚ್ಚು ಮಾಡುತ್ತಾರೆ. ಅಚ್ಚನ್ನು ಮೈಕ್ರೋಟೋಮಿನಲ್ಲಿ ನಾಲ್ಕೈದು ಮೈಕ್ರಾನ್ ದಪ್ಪಕ್ಕೆ ಸೀಳುತ್ತಾರೆ, ಗಾಜಿನ ಮೇಲೆ ಹರಡಿ ಬಣ್ಣ ಕೊಡುತ್ತಾರೆ. ಕೇಂದ್ರಕ್ಕೆ ನೇರಳೆ ಬಣ್ಣ ಕೊಡುವ ಹಿಮಟಾಕ್ಸಿಲಿನ್ ಮಧ್ಯ ಅಮೆರಿಕದ ಒಂದು ಮರದ ತಿರುಳಿನಿಂದ ಬಂದದ್ದು, ಒಂದು ಕಾಲದಲ್ಲಿ ಬಟ್ಟೆಗೆ ಹಾಕುತ್ತಿದ್ದ ಬಣ್ಣ. ಉಳಿದ ಭಾಗಕ್ಕೆ ಗುಲಾಬಿ ಬಣ್ಣ ಕೊಡುವುದು ಇಯೋಸಿನ್. ಆರೋಗ್ಯವಂತ ಹೊರಚರ್ಮದಲ್ಲಿ ಕೋಶಗಳು ಇಟ್ಟಿಗೆ ಜೋಡಿಸಿದಂತೆ ಒತ್ತೊತ್ತಾಗಿ ಇರ್ತವೆ. ಪೇಜೆಟ್ ಆದರೆ ಆ ಇಟ್ಟಿಗೆಗಳ ನಡುನಡುವೆ ದೊಡ್ಡ ದೊಡ್ಡ ಮಂಕು ಕೋಶಗಳು, ಒಂಟಿಯಾಗಿಯೋ ಗುಂಪಾಗಿಯೋ, ಒಳಗೆ ಉಬ್ಬಿದ ಕೇಂದ್ರ. ಒಮ್ಮೆ ಕಂಡವರು ಮರೆಯುವುದಿಲ್ಲ ಅನ್ನುತ್ತಾರೆ.

ಅದರಲ್ಲೂ ಸಂಶಯ ಬರಬಹುದು. ಮೆಲನೋಮಾ ಎಂಬ ಇನ್ನೊಂದು ಚರ್ಮದ ಕ್ಯಾನ್ಸರ್ ಹೀಗೇ ಕಾಣಬಹುದು. ಟೋಕರ್ ಕೋಶ ಎಂಬ ನಿರಪಾಯಕಾರಿ ಮಂಕು ಕೋಶಗಳೂ ಕೆಲವರ ತೊಟ್ಟಿನಲ್ಲಿ ಹುಟ್ಟಿನಿಂದಲೇ ಇರ್ತವೆ. ಆಗ ನಿರ್ದಿಷ್ಟ ಪ್ರೊಟೀನಿಗೆ ಮಾತ್ರ ಅಂಟುವ ಪ್ರತಿಕಾಯಗಳನ್ನು ಹಾಕಿ ಕಂದು ಬಣ್ಣ ಬರಿಸಿ ಬೇರ್ಪಡಿಸುತ್ತಾರೆ. ಹರ್-2 ಎಂಬ ಪ್ರೊಟೀನು ಪೇಜೆಟ್ ಕೋಶಗಳಲ್ಲಿ ಬಹಳ ಸಲ ಜಾಸ್ತಿ ಇರ್ತದೆ. ಅದನ್ನೇ ಗುರಿಯಾಗಿಸಿಕೊಂಡ ಮದ್ದು ಈಗ ಇರುವುದರಿಂದ ಈ ಪರೀಕ್ಷೆಗೆ ಚಿಕಿತ್ಸೆಯಲ್ಲೂ ಬೆಲೆ ಉಂಟು. ರೋಗ ಖಚಿತವಾದ ಮೇಲೆ ಒಳಗೆ ಎಲ್ಲೆಲ್ಲಿ ಏನಿದೆ ಎಂದು ನೋಡಲು ಮ್ಯಾಮೋಗ್ರಾಂ, ಅಲ್ಟ್ರಾಸೌಂಡ್, ಬೇಕಾದಲ್ಲಿ ಎಮ್ಆರ್‌ಐ. ಇಡೀ ಸ್ತನ ತೆಗೆಯಬೇಕೋ, ತೊಟ್ಟು ಮತ್ತು ಸುತ್ತಲಿನ ಭಾಗ ತೆಗೆದು ವಿಕಿರಣ ಕೊಟ್ಟರೆ ಸಾಕೋ ಎಂದು ನಿರ್ಧಾರವಾಗುವುದು ಆಮೇಲೆ. ಇನ್ನೊಂದು ಮಾತು: ತುಣುಕು ತೀರಾ ಮೇಲ್ಮೇಲಿನದ್ದಾಗಿದ್ದು, ಬರೇ ಹಕ್ಕಳೆ ಬಂದಿದ್ದರೆ ಫಲಿತಾಂಶ ತಪ್ಪಬಹುದು. ಬಯಾಪ್ಸಿಯಲ್ಲಿ ಏನೂ ಇಲ್ಲ ಅಂದರೂ ಹುಣ್ಣು ಮಾಸದಿದ್ದರೆ ಇನ್ನೊಮ್ಮೆ ತೆಗೆಯಿರಿ ಅಂತ ಕೇಳುವ ಹಕ್ಕು ರೋಗಿಗೆ ಉಂಟು.

ಕತ್ತರಿ ತಾಗಿಸಿದರೆ ಕ್ಯಾನ್ಸರ್ ಹರಡ್ತದೆ ಎಂಬ ಮಾತು ನಮ್ಮೂರಿನಲ್ಲಿ ಕಲಿತವರ ಬಾಯಲ್ಲೂ ಕೇಳಿಬರ್ತದೆ. ಚರ್ಮದ ಈ ಸಣ್ಣ ಬಯಾಪ್ಸಿಯಿಂದ ಕಾಯಿಲೆ ಹರಡುವುದಿಲ್ಲ. ಬಯಾಪ್ಸಿಯ ನಂತರ ಕೆಲವರ ಸ್ಥಿತಿ ಕೆಟ್ಟದ್ದು ನಿಜ ಇರಬಹುದು, ಆದರೆ ಅವರು ಬಯಾಪ್ಸಿಗೆ ಬಂದದ್ದೇ ತಡವಾಗಿ. ಆಮೇಲೆ ಆದದ್ದೆಲ್ಲ ಅದರಿಂದಲೇ ಆದದ್ದಲ್ಲ ಎಂಬುದನ್ನು ನಾವು ವಿಜ್ಞಾನದ ವಿಧಾನ ಅಂತ ಎಂಟನೆಯ ತರಗತಿಗೇ ಕಲಿಸುತ್ತೇವೆ, ಸ್ಟಾಫ್ ರೂಮಿಗೆ ಬಂದು ಮರೆಯುತ್ತೇವೆ.

ಇದನ್ನೆಲ್ಲ ಹೇಳಿ ಸುಮ್ಮನೆ ಹೆದರಿಸಿದಂತಾಗುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ತೊಟ್ಟಿನ ತುರಿಕೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲವೇ ಅಲ್ಲ. ಹಾಲೂಡಿಸುವ ತಾಯಿಯ ಬಿರುಕು, ಸಾಬೂನಿನ ಅಲರ್ಜಿ, ಫಂಗಸ್, ಕರಾವಳಿಯ ಬೆವರು, ಇಂಥದ್ದೇ ಹೆಚ್ಚು. ಅದಕ್ಕೇ ಹೆದರಿಕೆಯ ಬದಲು ಒಂದು ಅವಧಿ ಹೇಳಿಕೊಡುವುದು ಒಳ್ಳೆಯದು. ಒಂದೇ ಬದಿಯ ತೊಟ್ಟಿನಲ್ಲಿ ಬಂದದ್ದು, ಎರಡು ಮೂರು ವಾರದಲ್ಲಿ ಪೂರ್ತಿ ಮಾಸದಿದ್ದರೆ, ಅಥವಾ ಮಾಸಿ ಅಲ್ಲೇ ಮರಳಿದರೆ, ಬಯಾಪ್ಸಿಯ ಮಾತೆತ್ತಬೇಕು. ಬೇಡದ ಬಯಾಪ್ಸಿಯ ನಷ್ಟ ಒಂದು ಹೊಲಿಗೆ, ನಾಲ್ಕು ದಿನದ ನೋವು. ಬೇಕಾದ ಬಯಾಪ್ಸಿ ಮಾಡದಿದ್ದರೆ ಆಗುವ ನಷ್ಟವನ್ನು ಪೇಜೆಟ್ 1874ರಲ್ಲೇ ಲೆಕ್ಕ ಹಾಕಿಟ್ಟಿದ್ದಾನೆ.

ಬಂದ್ಯೋಡಿನಂಥ ಊರಿನಲ್ಲಿ ಇದು ಎಷ್ಟು ಸಾಧ್ಯ? ದೊಡ್ಡ ಚಿಕಿತ್ಸೆ ಎಂದರೆ ನಾವು ಉತ್ತರಕ್ಕೆ ಮಂಗಳೂರು, ದಕ್ಷಿಣಕ್ಕೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ನೋಡುವವರು. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಒಂದು ದಿಕ್ಕು ಹೋದರೆ ನಮ್ಮ ಪಾಡೇನು ಎಂದು ಎಲ್ಲರೂ ಕಂಡಿದ್ದೇವೆ. ಆದರೆ ರೋಗಪತ್ತೆಗೆ ಅಷ್ಟು ದೂರದ ಪ್ರಯಾಣ ಬೇಡ ಎಂಬುದನ್ನು ನಾವು ಗಮನಿಸಿದ ಹಾಗಿಲ್ಲ. ಶಸ್ತ್ರವೈದ್ಯರೋ ಚರ್ಮವೈದ್ಯರೋ ಇರುವ ಹತ್ತಿರದ ಆಸ್ಪತ್ರೆಯಲ್ಲಿ ತುಣುಕು ತೆಗೆಯಬಹುದು. ಪೆಥಾಲಜಿ ಪ್ರಯೋಗಾಲಯಕ್ಕೆ ಹೋಗಬೇಕಾದ್ದು ಫಾರ್ಮಲಿನ್ ಕುಪ್ಪಿ, ರೋಗಿಯಲ್ಲ. ಮನೆಯ ಗಂಡಸರ ರಜೆ, ಕಾರಿನ ಬಾಡಿಗೆ, ಮಂಗಳೂರಿನಲ್ಲಿ ಯಾರ ಮನೆಯಲ್ಲಿ ಉಳಿಯುವುದು ಎಂಬ ಚರ್ಚೆಯಲ್ಲೇ ಎರಡು ತಿಂಗಳು ಕಳೆಯುವ ಮನೆಗಳಿಗೆ ಇದು ಸಣ್ಣ ಮಾತಲ್ಲ. 2025ರ ಫೆಬ್ರವರಿ 4ರಂದು ಕೇರಳ ಸರಕಾರ ‘ಆರೋಗ್ಯಂ ಆನಂದಂ, ಅಕಟ್ಟಾಂ ಅರ್ಬುದಂ’ ಎಂಬ ಅಭಿಯಾನ ಶುರು ಮಾಡಿ, ಮೊದಲ ಹಂತದಲ್ಲಿ ಹೆಂಗಸರ ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರುಗಳ ತಪಾಸಣೆಗೆ ಒತ್ತು ಕೊಟ್ಟಿತು. ಒಳ್ಳೆಯ ಕೆಲಸ. ಅಂಥ ಶಿಬಿರಕ್ಕೆ ಹೋದವಳು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ ಬರ್ತಾಳೆ. ಗಂಟು ಉಂಟಾ ಅಂತ ಕೇಳಿದರೆ ಇಲ್ಲ ಅನ್ನುತ್ತಾಳೆ. ತೊಟ್ಟಿನ ಚರ್ಮ ಹೇಗಿದೆ ಎಂದು ಕೇಳಿದರೆ ಮಾತ್ರ ಬೇರೆ ಉತ್ತರ ಬಂದೀತು.

ಕೇಳುವುದು ಯಾವ ಶಬ್ದದಲ್ಲಿ ಎಂಬುದೂ ನಮ್ಮ ಊರಿನದ್ದೇ ಒಂದು ಸಮಸ್ಯೆ. ಪಾಠಪುಸ್ತಕ ‘ಸ್ತನ’ ಅನ್ನುತ್ತದೆ, ಮನೆಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಮರ್ಯಾದೆಗೆ ‘ಎದೆ’ ಅನ್ನುತ್ತಾರೆ. ಎದೆಯಲ್ಲಿ ಏನೋ ಆಗಿದೆ ಅಂದರೆ ಕೇಳುವವರಿಗೆ ಕಫವೋ ಹೃದಯವೋ ಅನಿಸ್ತದೆ. ಕನ್ನಡದಲ್ಲಿ ಮೊಲೆತೊಟ್ಟು ಎಂಬ ಚಂದದ ಶಬ್ದ ಉಂಟು, ತುಳುವಿನಲ್ಲಿ ಮೊಲೆಗೆ ಮಿರೆ ಅನ್ನುತ್ತೇವೆ, ಮಲಯಾಳದವರು ತೊಟ್ಟಿಗೆ ಮುಲಕ್ಕಣ್ಣ್, ಮೊಲೆಯ ಕಣ್ಣು, ಅನ್ನುತ್ತಾರೆ. ಇಷ್ಟು ಭಾಷೆ ಇರುವ ಊರಿನಲ್ಲಿ ಒಂದರಲ್ಲೂ ಬಾಯಿ ಬಿಡಲು ನಾಚಿಕೆ. ಅದರ ಮೇಲೆ ‘ಕಜ್ಜಿ’ ಎಂಬ ಶಬ್ದ. ಕಜ್ಜಿ ಅಂದರೆ ಕೊಳಕು, ಮೀಯದವರಿಗೆ ಬರುವಂಥದ್ದು ಎಂಬ ಭಾವನೆ ಅದಕ್ಕೆ ಅಂಟಿಕೊಂಡಿದೆ. ಹಾಗಾಗಿ ಅಪಾಯದ ಯೋಚನೆಗಿಂತ ಮೊದಲು ಬರುವುದು ಅವಮಾನ. ಅವಮಾನದ ಕಾಯಿಲೆಯನ್ನು ಯಾರೂ ತೋರಿಸುವುದಿಲ್ಲ, ಗುಟ್ಟಿನಲ್ಲಿ ಟ್ಯೂಬು ತರಿಸುತ್ತಾರೆ. ‘ಚಿರಸ್ಮರಣೆ’ ಬರೆದು ನಮ್ಮ ಜಿಲ್ಲೆಯ ಕಯ್ಯೂರನ್ನು ಕನ್ನಡಕ್ಕೆ ಪರಿಚಯಿಸಿದ ನಿರಂಜನರ ಪತ್ನಿ, ಡಾಕ್ಟರ್ ಅನುಪಮಾ ನಿರಂಜನ, ‘ಕೇಳು ಕಿಶೋರಿ’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ಯಂಥ ಪುಸ್ತಕಗಳಲ್ಲಿ ಹೆಣ್ಣಿನ ಶರೀರದ ಬಗ್ಗೆ ಕನ್ನಡದಲ್ಲಿ ಮುಚ್ಚುಮರೆಯಿಲ್ಲದೆ ಬರೆದು ದಶಕಗಳೇ ಕಳೆದವು. ಶಬ್ದ ಇಲ್ಲ ಎಂಬ ನೆಪ ನಮಗೆ ಆವತ್ತೇ ತಪ್ಪಿಹೋಗಿದೆ.

ಸಂಘದ ಮುಂದೆ ನನ್ನ ಸೂಚನೆ ಎರಡು. ಒಂದು, ಶಾಲೆಗಳಲ್ಲಿ ಗೋಡೆಗೆ ಹಾಕುವ ಸ್ತನ ಕ್ಯಾನ್ಸರಿನ ಚಾರ್ಟಿನಲ್ಲಿ ಗಂಟಿನ ಜತೆ ಇನ್ನೊಂದು ಸಾಲು ಸೇರಲಿ: ಒಂದೇ ಬದಿಯ ಮೊಲೆತೊಟ್ಟಿನಲ್ಲಿ ಮೂರು ವಾರಕ್ಕೂ ಮಾಸದ ಹುಣ್ಣು, ಹೊಟ್ಟು, ತುರಿಕೆ. ಕನ್ನಡದಲ್ಲಿ, ಮಲಯಾಳದಲ್ಲಿ, ಕೆಳಗೆ ಕನ್ನಡ ಲಿಪಿಯಲ್ಲಿ ತುಳುವಿನಲ್ಲಿ. ಚಾರ್ಟನ್ನು ಹುಡುಗರ ಕಡೆಯಿಂದ ಮರೆಮಾಡಿ ಹಾಕುವುದು ಬೇಡ. ಅಮ್ಮನಿಗೆ ಟ್ಯೂಬು ತರಲು ಮೆಡಿಕಲಿಗೆ ಓಡುವವರು ಹೆಚ್ಚಾಗಿ ಅವರೇ.

ಎರಡು, ಕೆನ್ನೆಯ ಒಳಗಿನ ಕೋಶಗಳನ್ನು ಕೆರೆದು ಮೆಥಿಲೀನ್ ಬ್ಲೂ ಹಾಕಿ ಸೂಕ್ಷ್ಮದರ್ಶಕದಲ್ಲಿ ತೋರಿಸುವ ಪಾಠ ನಾವು ಪ್ರತಿವರ್ಷ ಮಾಡುತ್ತೇವೆ. ಮಕ್ಕಳು ನೀಲಿ ಚುಕ್ಕೆ ಕಂಡು, ಚಿತ್ರ ಬಿಡಿಸಿ, ಹೆಸರು ಬರೆದು ಮುಗಿಸುತ್ತಾರೆ. ಆ ದಿನವೇ ಐದು ನಿಮಿಷ ಹೆಚ್ಚು ತೆಗೆದುಕೊಂಡು, ಆಸ್ಪತ್ರೆಯ ಪೆಥಾಲಜಿಸ್ಟ್ ಮಾಡುವುದೂ ಇದೇ ಕೆಲಸ, ಬೇರೆ ಬಣ್ಣದಲ್ಲಿ ಅಂತ ಹೇಳಬಹುದು. ಹಲಗೆಯ ಮೇಲೆ ಇಟ್ಟಿಗೆಯಂಥ ಹತ್ತು ಕೋಶ ಬರೆದು, ನಡುವೆ ಒಂದು ದೊಡ್ಡ ಮಂಕು ಕೋಶ ಬರೆದರೆ ಸಾಕು, ಬಯಾಪ್ಸಿ ಅಂದರೆ ಏನು ಎಂದು ಅರ್ಥವಾಗ್ತದೆ. ಚಾರ್ಟಿನ ಒಕ್ಕಣೆಯ ಕರಡನ್ನು ಮುಂದಿನ ಸಭೆಗೆ ನಾನು ತರುತ್ತೇನೆ. ತುಳುವಿನ ಸಾಲನ್ನು ಮನೆಯಲ್ಲಿ ಹಿರಿಯ ಹೆಂಗಸರಿರುವವರು ತಿದ್ದಿಕೊಡಬೇಕು. ಬ್ಯಾರಿ, ಕೊಂಕಣಿ, ಮರಾಠಿ ಗೊತ್ತಿರುವ ಟೀಚರುಗಳು ಆ ಮನೆಗಳಲ್ಲಿ ಇದಕ್ಕೆ ಏನೆನ್ನುತ್ತಾರೆ ಎಂದು ಕೇಳಿಕೊಂಡು ಬನ್ನಿ.